ರೆಸ್ಕ್ಯೂ ಕೇಂದ್ರದಿಂದ ಸಣ್ಣ ತಳಿಯ ಎಳೆ ನಾಯಿಯನ್ನು ದತ್ತು ತರುವುದು: ಅರ್ಜಿಯಿಂದ ಮೂರನೇ ತಿಂಗಳವರೆಗೆ

ಶಿಟ್ಜು, ಪಗ್, ಸ್ಪಿಟ್ಜ್, ಡ್ಯಾಶ್‌ಹಂಡ್‌ನಂಥ ಸಣ್ಣ ನಾಯಿಯನ್ನು ದತ್ತು ಪಡೆಯಲು ಹೊರಟವರು ಸಾಮಾನ್ಯವಾಗಿ ಮೂರು ಕಡೆ ಎಡವುತ್ತಾರೆ. ಒಂದೋ ಅರ್ಜಿಯೇ ತಿರಸ್ಕಾರವಾಗುತ್ತದೆ, ಇಲ್ಲವೇ ಮನೆಗೆ ಬಂದ ಹತ್ತು ದಿನದೊಳಗೆ ನಾಯಿ ಕಾಯಿಲೆ ಬೀಳುತ್ತದೆ, ಅದೂ ಇಲ್ಲದಿದ್ದರೆ ತಿಂಗಳು ತುಂಬುವ ಮೊದಲೇ ಅದನ್ನು ವಾಪಸ್ ಬಿಟ್ಟು ಬರುತ್ತಾರೆ. ಮೂರಕ್ಕೂ ಬಹುಪಾಲು ಕಾರಣ ಒಂದೇ, ಕೆಲಸದ ಕ್ರಮ ತಲೆಕೆಳಗಾಗಿರುವುದು. ಫೋಟೊ ನೋಡಿ ಮನಸ್ಸು ಸೋತು ನಾಯಿ ತರುತ್ತಾರೆ, ಆಮೇಲೆ ಮನೆ ಮಾಲೀಕರನ್ನು ಕೇಳುತ್ತಾರೆ, ಕೊನೆಗೆ ವೈದ್ಯರನ್ನು ಹುಡುಕುತ್ತಾರೆ. ಮದುವೆ ಮುಗಿಸಿ ಜಾತಕ ನೋಡಿದ ಹಾಗೆ.

ಕೆಳಗಿನ ಹಂತಗಳನ್ನು ಬೆಂಗಳೂರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಮೈಸೂರು, ಮಂಗಳೂರು, ಹುಬ್ಬಳ್ಳಿಯವರಿಗೂ ಕ್ರಮ ಇದೇ. ಹಂತಗಳನ್ನು ಅದಲುಬದಲು ಮಾಡಬೇಡಿ.

## ಹಂತ 1: ಮನೆಯ ಒಪ್ಪಿಗೆಗಳು

ಬಾಡಿಗೆ ಮನೆಯಾದರೆ ಮಾಲೀಕರಿಂದ ಬರಹದ ಒಪ್ಪಿಗೆ ಪಡೆಯಿರಿ. ವಾಟ್ಸಾಪ್‌ನಲ್ಲಿ ಒಂದು ಸಾಲು ಬಂದರೂ ಸಾಕು. 'ಅವರು ಏನೂ ಅನ್ನಲ್ಲ' ಎಂಬ ಊಹೆಯನ್ನು ಯಾವ ರೆಸ್ಕ್ಯೂ ಕೂಡ ಒಪ್ಪುವುದಿಲ್ಲ. ಅಪಾರ್ಟ್‌ಮೆಂಟ್ ಸಂಘದ ವಿಷಯ ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘ ಬಹುಮತದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ. ಆದರೆ ಈ ಮಾತು ಸಂಘಕ್ಕೆ ಅನ್ವಯಿಸುತ್ತದೆಯೇ ಹೊರತು, ನೀವು ಸಹಿ ಹಾಕಿರುವ ಬಾಡಿಗೆ ಕರಾರಿನಲ್ಲಿ 'ಸಾಕುಪ್ರಾಣಿ ಇಲ್ಲ' ಎಂದಿದ್ದರೆ ಮಾಲೀಕರೊಂದಿಗಿನ ಜಗಳದಲ್ಲಿ ನಿಮ್ಮನ್ನು ಕಾಯುವುದಿಲ್ಲ.

ಮನೆಯೊಳಗಿನ ಒಪ್ಪಿಗೆ ಇನ್ನೂ ಮುಖ್ಯ. ಅತ್ತೆಗೆ ನಾಯಿ ದೇವರ ಕೋಣೆಗೆ ಬರಬಾರದು, ಅಪ್ಪನಿಗೆ ಅಡುಗೆಮನೆಗೆ ಬರಬಾರದು ಎಂದಿದ್ದರೆ ಅದು ಮೊದಲೇ ಇತ್ಯರ್ಥವಾಗಲಿ. ಬಾಗಿಲಿಗೆ ಎರಡೂವರೆ ಅಡಿ ಎತ್ತರದ ಮಗು ತಡೆಯುವ ಗೇಟು ಹಾಕಿದರೆ ಈ ಜಗಳ ಅರ್ಧ ಮುಗಿಯುತ್ತದೆ.

ಖರ್ಚಿನ ಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ. ಪ್ರತಿ ತಿಂಗಳು ಆಹಾರ ಮತ್ತು ಉಣ್ಣೆ (ರಕ್ತ ಹೀರುವ ಹುಳು) ತಡೆಯುವ ಔಷಧ, ಉದ್ದ ಕೂದಲಿನ ತಳಿಯಾದರೆ 4ರಿಂದ 6 ವಾರಕ್ಕೊಮ್ಮೆ ಗ್ರೂಮಿಂಗ್, ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ, ವರ್ಷಕ್ಕೊಮ್ಮೆ ಲಸಿಕೆ. ಇದರ ಹೊರಗೆ ಒಂದು ತುರ್ತು ಮೊತ್ತ ಬೇಕು. ಪಾರ್ವೊ (ಮರಿಗಳ ಜೀವ ತೆಗೆಯಬಲ್ಲ ವಾಂತಿ-ಭೇದಿಯ ವೈರಸ್ ಕಾಯಿಲೆ) ಬಂದು ಖಾಸಗಿ ಆಸ್ಪತ್ರೆಯಲ್ಲಿ ಐದಾರು ದಿನ ಡ್ರಿಪ್ ಹಾಕಿಸಬೇಕಾದರೆ ಬಿಲ್ಲು ಹತ್ತಾರು ಸಾವಿರ ರೂಪಾಯಿ ದಾಟುವುದು ಅಪರೂಪವಲ್ಲ. ಅದನ್ನು ತೆಗೆದಿಡಲು ಆಗದಿದ್ದರೆ ಆರು ತಿಂಗಳು ಕಾಯಿರಿ. ನಾಯಿಗಳೇನೂ ಮುಗಿದುಹೋಗುವುದಿಲ್ಲ.

## ಹಂತ 2: ತಳಿಯನ್ನು ಅದರ ದೌರ್ಬಲ್ಯ ನೋಡಿ ಆರಿಸಿ

ಸಣ್ಣ ನಾಯಿ ಅಂದರೆ ಕಡಿಮೆ ಕೆಲಸ ಎನ್ನುವುದು ತಪ್ಪು ಲೆಕ್ಕ. ಪ್ರತಿ ತಳಿಗೂ ಒಂದು ದುರ್ಬಲ ಜಾಗ ಇರುತ್ತದೆ. ಆ ಜಾಗವನ್ನು ದಿನವೂ ಕಾಯಲು ನಿಮ್ಮಿಂದ ಆಗುತ್ತದೆಯೇ ಎಂಬುದೇ ಇಲ್ಲಿರುವ ಪ್ರಶ್ನೆ.

ಶಿಟ್ಜು, ಲ್ಯಾಸಾ ಆಪ್ಸೋ: ಕಣ್ಣು ಮತ್ತು ಕೂದಲು. ದಿನ ಬಿಟ್ಟು ದಿನವಾದರೂ ಬುಡದಿಂದ ಬಾಚಬೇಕು, ಇಲ್ಲದಿದ್ದರೆ ಕೂದಲು ಜಡೆಗಟ್ಟಿ ಕೆಳಗಿನ ಚರ್ಮ ಕೊಳೆಯುತ್ತದೆ. ಮುಂದಕ್ಕೆ ಚಾಚಿದ ಕಣ್ಣಿಗೆ ಕೂದಲು ಚುಚ್ಚಿ ಹುಣ್ಣಾಗುವುದು ಸಾಮಾನ್ಯ.

ಪಗ್: ಉಸಿರು. ಮೂಗು ಚಪ್ಪಟೆಯಾದ್ದರಿಂದ ಶಾಖವನ್ನು ಹೊರಹಾಕಲು ಒದ್ದಾಡುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ, ಗಾಳಿ ಆಡದ ಕೋಣೆಯಲ್ಲಿ ಪಗ್ ಬಿಟ್ಟು ಹೋಗುವ ಪರಿಸ್ಥಿತಿ ನಿಮ್ಮದಾದರೆ ಈ ತಳಿ ಬೇಡ. ಕಲಬುರಗಿ, ರಾಯಚೂರಿನವರು ಏಸಿ ಇಲ್ಲದೆ ಇದನ್ನು ಯೋಚಿಸಲೇಬಾರದು.

ಸ್ಪಿಟ್ಜ್: ನಮ್ಮಲ್ಲಿ ಎಲ್ಲರೂ 'ಪಮೇರಿಯನ್' ಎನ್ನುವ ಬಿಳಿ ನಾಯಿ ಹೆಚ್ಚಾಗಿ ಇದೇ. ನಮ್ಮ ಹವೆಗೆ ಹೊಂದಿಕೊಂಡಿದೆ, ಚುರುಕು, ಆದರೆ ಬೊಗಳುತ್ತದೆ. ಗೋಡೆ ಹಂಚಿಕೊಂಡ ಮನೆಯಲ್ಲಿ ಇದು ನಿಜವಾದ ಸಮಸ್ಯೆ. ಸೆಕೆ ಎಂದು ಕೂದಲು ಬೋಳಿಸಬೇಡಿ. ಎರಡು ಪದರದ ಕೂದಲು ಮತ್ತೆ ಸರಿಯಾಗಿ ಬೆಳೆಯದೇ ಹೋಗಬಹುದು.

ಡ್ಯಾಶ್‌ಹಂಡ್: ಬೆನ್ನು. ಸೋಫಾದಿಂದ ಜಿಗಿಯುವುದು, ದಿನಕ್ಕೆ ಹತ್ತು ಬಾರಿ ಮೆಟ್ಟಿಲು ಹತ್ತಿಳಿಯುವುದು ಬೆನ್ನುಮೂಳೆಯ ನಡುವಿನ ಬಿಲ್ಲೆಗೆ ಮಾರಕ. ಲಿಫ್ಟ್ ಇಲ್ಲದ ಮೂರನೇ ಮಹಡಿಯವರು ಎತ್ತಿಕೊಂಡೇ ಇಳಿಸಬೇಕು.

ವಯಸ್ಸಿನ ಬಗ್ಗೆಯೂ ವಾಸ್ತವ ತಿಳಿದಿರಲಿ. ರೆಸ್ಕ್ಯೂಗಳಿಗೆ ಎರಡು ತಿಂಗಳ ಶಿಟ್ಜು ಮರಿ ಬರುವುದು ತೀರಾ ವಿರಳ. ಬರುವವು ಎಂಟು ತಿಂಗಳಿನಿಂದ ಮೂರು ವರ್ಷದವು. ಮುದ್ದು ಕಳೆದು ತುಂಟತನ ಶುರುವಾದಾಗ ಮನೆಯವರು ಬಿಟ್ಟವು, ಅಥವಾ ಮರಿ ಹಾಕಿಸುವವರು ಸಾಕೆನಿಸಿ ತಳ್ಳಿದ ಹೆಣ್ಣುಗಳು. ನನ್ನ ಸಲಹೆ ಕೇಳುವುದಾದರೆ, ಮೊದಲ ಬಾರಿ ಸಾಕುವವರಿಗೆ ಒಂದೂವರೆ ವರ್ಷದ ನಾಯಿಯೇ ಸೂಕ್ತ. ಹಲ್ಲು ಬಂದಾಗಿರುತ್ತದೆ, ಸ್ವಭಾವ ಕಾಣುತ್ತದೆ, ಪಾರ್ವೊದ ಅತಿ ಅಪಾಯದ ವಯಸ್ಸು ದಾಟಿರುತ್ತದೆ.

## ಹಂತ 3: ಸರಿಯಾದ ಕಡೆ ಹುಡುಕಿ

ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳಿವೆ, ಮಂಗಳೂರಿನಲ್ಲಿ ಆ್ಯನಿಮಲ್ ಕೇರ್ ಟ್ರಸ್ಟ್ ಇದೆ, ಮೈಸೂರಿನಲ್ಲಿ ಪೀಪಲ್ ಫಾರ್ ಆ್ಯನಿಮಲ್ಸ್ ಇದೆ. ಇವುಗಳ ಜೊತೆಗೆ ನಾಯಿಯನ್ನು ತಮ್ಮ ಮನೆಯಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಫಾಸ್ಟರ್‌ಗಳ ಗುಂಪುಗಳಿವೆ. ಫಾಸ್ಟರ್ ಮನೆಯಿಂದ ಬರುವ ನಾಯಿಯ ಬಗ್ಗೆ ಹೆಚ್ಚು ಮಾಹಿತಿ ಸಿಗುತ್ತದೆ. ರಾತ್ರಿ ಎಲ್ಲಿ ಮಲಗುತ್ತದೆ, ಮಿಕ್ಸಿ ಶಬ್ದಕ್ಕೆ ಏನು ಮಾಡುತ್ತದೆ, ಒಂಟಿ ಬಿಟ್ಟರೆ ಅಳುತ್ತದೆಯೇ ಎಂಬುದು ಕೆನೆಲ್‌ನಲ್ಲಿ (ಕೇಂದ್ರದ ನಾಯಿಗೂಡಿನಲ್ಲಿ) ತಿಳಿಯುವುದಿಲ್ಲ.

ದತ್ತು ಹೆಸರಿನಲ್ಲಿ ನಡೆಯುವ ವಂಚನೆಯ ಗುರುತುಗಳು ಹೀಗಿರುತ್ತವೆ:

- '45 ದಿನದ ಶಿಟ್ಜು, ಉಚಿತ ದತ್ತು, ಟ್ರಾನ್ಸ್‌ಪೋರ್ಟ್ ಖರ್ಚು ಮಾತ್ರ ಮುಂಗಡ ಹಾಕಿ.' ಹಣ ಹಾಕಿದ ಮೇಲೆ ಫೋನ್ ಬಂದ್ ಆಗುತ್ತದೆ. ನೀವು ನಾಯಿಯನ್ನು ನೋಡುವ ಮೊದಲೇ ಅಸಲಿ ರೆಸ್ಕ್ಯೂ ಹಣ ಕೇಳುವುದಿಲ್ಲ.
- ಭೇಟಿಗೆ ಒಪ್ಪದೆ ರಸ್ತೆ ಬದಿ, ಮೆಟ್ರೊ ನಿಲ್ದಾಣದ ಬಳಿ ಕೊಡುತ್ತೇನೆ ಎನ್ನುವುದು.
- ನಿಮ್ಮ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಇವತ್ತೇ ತೆಗೆದುಕೊಂಡು ಹೋಗಿ ಎನ್ನುವುದು. ಇದು ಬಹುಮಟ್ಟಿಗೆ ಮಾರಾಟವಾಗದ ಮರಿಯನ್ನು ಸಾಗಹಾಕುವ ಕೆಲಸ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ, ಹಾಗಾಗಿ 'ದತ್ತು' ಎಂಬ ಹಣೆಪಟ್ಟಿ ಹಚ್ಚುತ್ತಾರೆ.

ದತ್ತು ಶುಲ್ಕ ಕೇಳಿದ ಮಾತ್ರಕ್ಕೆ ಅನುಮಾನಪಡಬೇಡಿ. ಲಸಿಕೆ, ಶಸ್ತ್ರಚಿಕಿತ್ಸೆಯ ವೆಚ್ಚದ ಒಂದು ಭಾಗವನ್ನು ರಸೀದಿ ಕೊಟ್ಟು ತೆಗೆದುಕೊಳ್ಳುವ ಸಂಸ್ಥೆಗಳಿವೆ. ರಸೀದಿ ಕೊಡುತ್ತಾರೆಯೇ ಎಂಬುದನ್ನು ನೋಡಿ.

## ಹಂತ 4: ಅರ್ಜಿ ಮತ್ತು ಹೋಮ್ ಚೆಕ್

ಅರ್ಜಿ ತಿರಸ್ಕಾರವಾಗುವುದು ನೀವು ಕೆಟ್ಟವರೆಂದಲ್ಲ, ಉತ್ತರಗಳು ಪೊಳ್ಳಾಗಿರುವುದರಿಂದ. 'ನಾಯಿ ಅಂದ್ರೆ ನಮಗೆ ಪ್ರಾಣ' ಎಂಬ ಉತ್ತರ ಅರ್ಜಿ ಓದುವವರಿಗೆ ಏನನ್ನೂ ಹೇಳುವುದಿಲ್ಲ. 'ಬೆಳಿಗ್ಗೆ 9ರಿಂದ 1ರವರೆಗೆ ಅಮ್ಮ ಇರುತ್ತಾರೆ, 1ರಿಂದ 4ರವರೆಗೆ ಒಂಟಿ, 4ಕ್ಕೆ ಮಗಳು ಬರುತ್ತಾಳೆ' ಎಂಬ ಉತ್ತರ ಎಲ್ಲವನ್ನೂ ಹೇಳುತ್ತದೆ.

ಸಾಮಾನ್ಯವಾಗಿ ಕೇಳುವುದು ಇಷ್ಟು: ನಾಯಿ ದಿನಕ್ಕೆ ಎಷ್ಟು ಗಂಟೆ ಒಂಟಿ ಇರುತ್ತದೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಹಿಂದಿನ ನಾಯಿ ಇದ್ದರೆ ಏನಾಯಿತು, ಮುಂದೆ ಮಗುವಾದರೆ ಅಥವಾ ವಿದೇಶಕ್ಕೆ ಹೋದರೆ ಏನು ಮಾಡುತ್ತೀರಿ, ಸಂತಾನಹರಣ ಮಾಡಿಸುತ್ತೀರಾ. ಕೊನೆಯ ಪ್ರಶ್ನೆಗೆ 'ಒಂದು ಸಲ ಮರಿ ಹಾಕಿಸಿ ಆಮೇಲೆ' ಎಂದರೆ ಅರ್ಜಿ ಅಲ್ಲಿಗೇ ಮುಗಿಯಿತು. ಹಿಂದೆ ಸಾಕಿದ ನಾಯಿ ಪಾರ್ವೊದಿಂದ ಸತ್ತಿದ್ದರೆ ಮುಚ್ಚಿಡಬೇಡಿ. ಆ ವೈರಸ್ ಮನೆಯ ಮೂಲೆ, ಹೂಕುಂಡದ ಮಣ್ಣಿನಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಅಂಥ ಮನೆಗೆ ಲಸಿಕೆ ಪೂರ್ಣಗೊಂಡ ನಾಯಿಯನ್ನಷ್ಟೇ ತರಬೇಕು.

ಹೋಮ್ ಚೆಕ್‌ಗೆ ಬರುವವರು ನಿಮ್ಮ ಸೋಫಾ ಸೆಟ್ಟು ನೋಡುವುದಿಲ್ಲ. ಬಾಲ್ಕನಿ ಸರಳು, ಗೇಟಿನ ಸಂದು, ತಾರಸಿಯ ಬಾಗಿಲು ನೋಡುತ್ತಾರೆ. ಸಣ್ಣ ನಾಯಿಯ ತಲೆ ತೂರುವ ಸಂದಿಯಲ್ಲಿ ದೇಹವೂ ತೂರುತ್ತದೆ. ಸರಳುಗಳ ನಡುವೆ ಎರಡು ಇಂಚಿಗಿಂತ ಹೆಚ್ಚಿದ್ದರೆ ಪಾರಿವಾಳದ ಬಲೆಯನ್ನಲ್ಲ, ಗಟ್ಟಿ ತಂತಿ ಜಾಲರಿಯನ್ನು ಕೆಳಗಿನಿಂದ ಮೂರು ಅಡಿವರೆಗೆ ಬಿಗಿಯಿರಿ. ನೈಲಾನ್ ಬಲೆಯನ್ನು ಎಳೆ ನಾಯಿ ಒಂದೇ ಮಧ್ಯಾಹ್ನದಲ್ಲಿ ಕಡಿದು ಹಾಕಬಲ್ಲದು.

## ಹಂತ 5: ನಾಯಿಯನ್ನು ನೋಡುವ ಭೇಟಿ

ಕನಿಷ್ಠ ಎರಡು ಭೇಟಿ, ಬೇರೆ ಬೇರೆ ಹೊತ್ತಿನಲ್ಲಿ. ಮಧ್ಯಾಹ್ನ ಮಂಕಾಗಿ ಕಂಡ ನಾಯಿ ಸಂಜೆ ಕೋಣೆ ಎತ್ತಿ ಹಾಕುತ್ತಿರಬಹುದು. ಮನೆಯವರೆಲ್ಲ ಬರಲಿ, ಆದರೆ ಒಬ್ಬೊಬ್ಬರಾಗಿ ಹತ್ತಿರ ಹೋಗಲಿ.

ಸ್ವಭಾವ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು ಹತ್ತು ನಿಮಿಷ ಸುಮ್ಮನಿರಿ. ಓಡಿ ಬಂದು ಮಡಿಲೇರುವ ನಾಯಿಯೇ ಒಳ್ಳೆಯದು, ಮೂಲೆ ಹಿಡಿದದ್ದು ಬೇಡ ಎಂದು ತೀರ್ಮಾನಿಸಬೇಡಿ. ಕೀಗೊಂಚಲನ್ನು ಸ್ವಲ್ಪ ದೂರದಲ್ಲಿ ನೆಲಕ್ಕೆ ಬಿಡಿ. ಬೆಚ್ಚುವುದು ಸಹಜ. ಒಂದೆರಡು ನಿಮಿಷದಲ್ಲಿ ಚೇತರಿಸಿಕೊಂಡು ಮೂಸಲು ಬಂದರೆ ಚಿಂತೆಯಿಲ್ಲ. ಕಾಲು ಗಂಟೆಯಾದರೂ ನಡುಗುತ್ತಿದ್ದರೆ ಆ ನಾಯಿಗೆ ಮಕ್ಕಳಿಲ್ಲದ, ಸದ್ದಿಲ್ಲದ ಮನೆ ಬೇಕು. ಕಿವಿ, ಪಾದ, ಬಾಲದ ಬುಡ ಮುಟ್ಟಿ ನೋಡಿ. ಪರೀಕ್ಷೆ ಮಾಡುತ್ತೇನೆಂದು ಊಟದ ಬಟ್ಟಲು ಎಳೆಯಬೇಡಿ. ಊಟ ಕಾಯುವ ಚಾಳಿ ಇದೆಯೇ ಎಂದು ನೋಡಿಕೊಳ್ಳುವವರನ್ನೇ ಕೇಳಿ.

ದೇಹ. ಮೇಲಿನಿಂದ ಕೆಳಗೆ ಹೀಗೆ ನೋಡಿ:

1. *ಕಣ್ಣು:* ಕಣ್ಣೀರ ಕಂದು ಗೆರೆ ಸಾಮಾನ್ಯ. ಒಂದು ಕಣ್ಣು ಮುಚ್ಚಿಕೊಂಡೇ ಇರುವುದು, ಮೇಲ್ಪದರ ನೀಲಿ-ಬಿಳಿಯಾಗಿ ಮಂಜಾಗಿರುವುದು ಹುಣ್ಣಿನ ಲಕ್ಷಣ. ಒಳಮೂಲೆಯಲ್ಲಿ ಕೆಂಪು ಗಂಟು ಉಬ್ಬಿದ್ದರೆ ಅದು ಚೆರ್ರಿ ಐ, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.
2. *ಒಸಡು:* ತುಟಿ ಎತ್ತಿ ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಗೆ ಮರಳಬೇಕು. ಪೇಲವ ಒಸಡು ಉಣ್ಣೆ ಜ್ವರ ಅಥವಾ ಜಂತುಹುಳದಿಂದಾದ ರಕ್ತಹೀನತೆಯನ್ನು ಸೂಚಿಸಬಹುದು.
3. *ಹಲ್ಲು:* ವಯಸ್ಸು ಹೇಳುವುದು ಇದೇ. 28 ಹಾಲುಹಲ್ಲುಗಳು ನಾಲ್ಕನೇ ತಿಂಗಳ ಸುಮಾರಿಗೆ ಬೀಳತೊಡಗಿ, ಏಳು ತಿಂಗಳ ಹೊತ್ತಿಗೆ 42 ಕಾಯಂ ಹಲ್ಲು ಬಂದಿರಬೇಕು. 'ಮೂರು ತಿಂಗಳ ಮರಿ' ಎಂದವರ ನಾಯಿಯ ಬಾಯಲ್ಲಿ ದೊಡ್ಡ ಕೋರೆಹಲ್ಲು ಕಂಡರೆ ಲೆಕ್ಕ ತಪ್ಪಿದೆ. ಸಣ್ಣ ತಳಿಯಲ್ಲಿ ಹಾಲಿನ ಕೋರೆಹಲ್ಲು ಬೀಳದೆ ಪಕ್ಕದಲ್ಲೇ ಹೊಸದು ಬರುವುದೂ ಉಂಟು. ಹಳೆಯದನ್ನು ಕೀಳಿಸಬೇಕಾಗುತ್ತದೆ, ಸಂತಾನಹರಣದ ಅರಿವಳಿಕೆಯಲ್ಲೇ ಎರಡೂ ಮುಗಿಸಬಹುದು.
4. *ಉಸಿರು:* ಬಾತುಕೋಳಿ ಕೂಗಿನಂಥ ಗೊರಗೊರ ಕೆಮ್ಮು ಶ್ವಾಸನಾಳ ಕುಸಿಯುವ ತೊಂದರೆ ಇರಬಹುದು, ಸ್ಪಿಟ್ಜ್‌ಗಳಲ್ಲಿ ಗಮನಿಸಿ. ಪಗ್ ಸುಮ್ಮನೆ ಕುಳಿತಾಗಲೂ ಗೊರಕೆ ಹೊಡೆಯುತ್ತಾ ಏದುತ್ತಿದ್ದರೆ ಮೂಗಿನ ಹೊಳ್ಳೆ ತೀರಾ ಕಿರಿದಾಗಿರಬಹುದು.
5. *ಚರ್ಮ, ಕಿವಿ:* ಕಿವಿಯ ಒಳಮಡಿಕೆ, ಬೆರಳ ಸಂದು, ಕತ್ತಿನ ಕೆಳಗೆ ಉಣ್ಣೆ ಹುಡುಕಿ. ದುಂಡಗೆ ಕೂದಲು ಉದುರಿದ ಜಾಗ ಹುಳುಕಡ್ಡಿ ಇರಬಹುದು, ಅದು ಮನುಷ್ಯರಿಗೂ ಹತ್ತುತ್ತದೆ.
6. *ನಡಿಗೆ:* ಹತ್ತು ಹೆಜ್ಜೆ ಓಡಿಸಿ. ಹಿಂಗಾಲನ್ನು ಮಧ್ಯೆ ಎರಡು ಹೆಜ್ಜೆ ಎತ್ತಿ ಕುಂಟಿ ಮತ್ತೆ ಊರಿದರೆ ಮಂಡಿಚಿಪ್ಪು ಜಾರುತ್ತಿರಬಹುದು.
7. *ಹೊಟ್ಟೆ:* ಹೆಣ್ಣಿನ ಮೊಲೆತೊಟ್ಟುಗಳು ಜೋತು ಬಿದ್ದಿದ್ದರೆ ಮರಿ ಹಾಕಿದೆ ಎಂದು ತಿಳಿಯಿರಿ. ಗಂಡಿನಲ್ಲಿ ಎರಡೂ ಬೀಜ ಕೆಳಗಿಳಿದಿವೆಯೇ ನೋಡಿ. ಸಣ್ಣ ತಳಿಗಳಲ್ಲಿ ಒಂದು ಒಳಗೇ ಉಳಿಯುವುದು ಹೆಚ್ಚು, ಆಗ ಶಸ್ತ್ರಚಿಕಿತ್ಸೆ ದೊಡ್ಡದಾಗುತ್ತದೆ.

ಇವುಗಳಲ್ಲಿ ಯಾವುದೋ ಒಂದು ಕಂಡಿತೆಂದು ನಾಯಿಯನ್ನು ಬಿಡಬೇಕಿಲ್ಲ. ಅದರ ಚಿಕಿತ್ಸೆ ಯಾರ ಖರ್ಚು, ಯಾವಾಗ ಎಂಬುದು ಕರಾರಿಗೆ ಮೊದಲೇ ಮಾತಾಗಬೇಕು, ಅಷ್ಟೆ.

## ಹಂತ 6: ಕಾಗದಪತ್ರ

ಲಸಿಕೆ ಕಾರ್ಡ್ ಕೈಯಲ್ಲಿ ಹಿಡಿದು ನೋಡಿ. ಪ್ರತಿ ಡೋಸ್‌ಗೂ ಬ್ಯಾಚ್ ಸಂಖ್ಯೆಯ ಸ್ಟಿಕರ್, ದಿನಾಂಕ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಸ್ಟಿಕರ್ ಇಲ್ಲದೆ ಪೆನ್ನಿನಲ್ಲಿ 'ಮಾಡಲಾಗಿದೆ' ಎಂದಿದ್ದರೆ ಲಸಿಕೆ ಆಗಿಲ್ಲವೆಂದೇ ಎಣಿಸಿ.

ಮರಿಗೆ ಆರರಿಂದ ಎಂಟನೇ ವಾರದಲ್ಲಿ ಮೊದಲ ಬಹುರೋಗ ಲಸಿಕೆ, ಆಮೇಲೆ 3–4 ವಾರಕ್ಕೊಂದು, ಕೊನೆಯ ಡೋಸ್ 16ನೇ ವಾರದಲ್ಲಿ ಅಥವಾ ಅದರ ನಂತರ. ಈ ಕೊನೆಯದನ್ನೇ ಬಹಳ ಜನ ಬಿಡುತ್ತಾರೆ. ತಾಯಿಯಿಂದ ಬಂದ ಪ್ರತಿಕಾಯ ಅದಕ್ಕೆ ಮೊದಲಿನ ಲಸಿಕೆಯನ್ನು ಕೆಲಸ ಮಾಡಲು ಬಿಡದೇ ಇರಬಹುದು, ಆದ್ದರಿಂದಲೇ 'ಎರಡು ಡೋಸ್ ಆಗಿತ್ತಲ್ಲ' ಎಂದ ಮರಿಗೂ ಪಾರ್ವೊ ಬರುತ್ತದೆ. ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಇತಿಹಾಸ ಗೊತ್ತಿಲ್ಲದ ಬೆಳೆದ ನಾಯಿಗೆ ಬಹುರೋಗ ಲಸಿಕೆಯನ್ನು 2ರಿಂದ 4 ವಾರದ ಅಂತರದಲ್ಲಿ ಎರಡು ಸಲ ಹಾಕಿಸುವುದು ರೂಢಿ.

ದತ್ತು ಕರಾರಿನಲ್ಲಿ ಮೂರು ಅಂಶ ಓದದೆ ಸಹಿ ಹಾಕಬೇಡಿ: ಸಂತಾನಹರಣದ ಗಡುವು, ಸಂಸ್ಥೆಯವರು ಆಮೇಲೆ ಭೇಟಿ ಕೊಡುವ ಹಕ್ಕು, ವಾಪಸಾತಿಯ ಷರತ್ತು. ಮೈಕ್ರೋಚಿಪ್ ಇದ್ದರೆ 15 ಅಂಕಿಯ ಸಂಖ್ಯೆ ಬರೆಸಿಕೊಂಡು, ಅದು ನಿಮ್ಮ ಫೋನ್ ನಂಬರಿಗೆ ವರ್ಗವಾಗಿದೆಯೇ ಕೇಳಿ. ಹಳೆಯ ಮಾಲೀಕರ ಹೆಸರಲ್ಲೇ ಉಳಿದ ಚಿಪ್‌ನಿಂದ ಪ್ರಯೋಜನವಿಲ್ಲ.

## ಹಂತ 7: ನಾಯಿ ಬರುವ ಮುನ್ನ ಮನೆಯಲ್ಲಿರಬೇಕಾದ್ದು

- ಎದೆಗೆ ಹಾಕುವ ಹಾರ್ನೆಸ್ ಮತ್ತು ಐದು ಅಡಿ ಹಗ್ಗ. ಪಗ್, ಶಿಟ್ಜು, ಸ್ಪಿಟ್ಜ್‌ಗೆ ಕತ್ತಿನ ಬೆಲ್ಟಿನಿಂದ ಎಳೆಯಬಾರದು. ಕತ್ತಿನ ಪಟ್ಟಿ ಹೆಸರು-ಫೋನ್ ನಂಬರಿನ ಬಿಲ್ಲೆ ತೂಗಿಸಲು ಮಾತ್ರ.
- ನಾಯಿ ಎದ್ದು ನಿಂತು ತಿರುಗುವಷ್ಟು ಜಾಗದ ಕ್ರೇಟ್ (ಬಾಗಿಲಿರುವ ನಾಯಿ ಪೆಟ್ಟಿಗೆ), ಒಳಗೆ ಹಳೆಯ ಹತ್ತಿ ಸೀರೆ.
- ಸ್ಟೀಲಿನ ಎರಡು ಅಗಲ ಬಟ್ಟಲು. ಚಪ್ಪಟೆ ಮೂಗಿನ ನಾಯಿಗೆ ಆಳದ ಬಟ್ಟಲು ಆಗದು.
- ಪೀ ಪ್ಯಾಡ್, ಸ್ಲಿಕರ್ ಬ್ರಷ್, ಉಕ್ಕಿನ ಬಾಚಣಿಗೆ, ಡಿಜಿಟಲ್ ಥರ್ಮಾಮೀಟರ್, ಅಡುಗೆ ತಕ್ಕಡಿ.
- ನುಣುಪು ಟೈಲ್ಸ್ ನೆಲಕ್ಕೆ ಯೋಗ ಮ್ಯಾಟ್ ಅಥವಾ ರಬ್ಬರ್ ಹಾಸು. ಜಾರಿ ಜಾರಿ ಓಡುವುದು ಮಂಡಿಗೂ ಬೆನ್ನಿಗೂ ಕೆಟ್ಟದ್ದು.

ನೆಲ ಒರೆಸುವ ಫಿನಾಯಿಲ್ ಬಿಡಿ, ಒದ್ದೆ ನೆಲದ ಮೇಲೆ ನಡೆದು ನಾಯಿ ಪಾದ ನೆಕ್ಕುತ್ತದೆ. ಇಲಿ ಪಾಷಾಣವನ್ನು ಮನೆಯಿಂದಲೇ ಹೊರಹಾಕಿ. ಅಡುಗೆಮನೆಯ ಅಪಾಯದ ಪಟ್ಟಿ ನಮ್ಮ ಊಟಕ್ಕೆ ತೀರಾ ಹತ್ತಿರದ್ದು: ಈರುಳ್ಳಿ, ಬೆಳ್ಳುಳ್ಳಿ (ಅಂದರೆ ಹುಳಿ, ಸಾರು, ಪಲ್ಯದ ರಸ ಕಲಸಿದ ಅನ್ನ), ದ್ರಾಕ್ಷಿ ಮತ್ತು ಒಣದ್ರಾಕ್ಷಿ (ಪಾಯಸ, ಕೇಸರಿಭಾತು), ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ, ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಇರುವ ಚೂಯಿಂಗ್ ಗಮ್. ದೊಡ್ಡ ನಾಯಿ ತಡೆದುಕೊಳ್ಳುವ ಪ್ರಮಾಣವೇ ನಾಲ್ಕು ಕೆಜಿಯ ನಾಯಿಗೆ ಆಸ್ಪತ್ರೆ ತೋರಿಸಬಹುದು.

ವೈದ್ಯರನ್ನೂ ಈಗಲೇ ಗೊತ್ತು ಮಾಡಿ. ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರ್ ಫ್ರಿಜ್ ಮೇಲೆ ಅಂಟಿಸಿ. ಖಾಸಗಿ ದರ ಭಾರವೆನಿಸಿದರೆ ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕಾಯಬೇಕಾಗುತ್ತದೆ, ಆದರೆ ತಜ್ಞರು ಸಿಗುತ್ತಾರೆ.

## ಹಂತ 8: ಕರೆತರುವ ದಿನ

ಶುಕ್ರವಾರ ಸಂಜೆಗಿಂತ ಶನಿವಾರ ಬೆಳಿಗ್ಗೆ ಒಳ್ಳೆಯದು. ಹಗಲು ಪೂರ್ತಿ ಸಿಗುತ್ತದೆ, ಏನಾದರೂ ಆದರೆ ವೈದ್ಯರೂ ಸಿಗುತ್ತಾರೆ. ದೀಪಾವಳಿ, ಗಣೇಶನ ಹಬ್ಬದ ವಾರ ಬೇಡವೇ ಬೇಡ. ಹೊಸ ಮನೆಯ ದಾರಿ ಗೊತ್ತಿಲ್ಲದ ನಾಯಿ ಪಟಾಕಿ ಸದ್ದಿಗೆ ಓಡಿದರೆ ಹಿಂದಿರುಗಿ ಬರಲಾರದು.

ಹೊರಡುವ ಎರಡು ಗಂಟೆ ಮೊದಲು ಊಟ ಬೇಡ. ಆದರೆ ನಾಲ್ಕು ತಿಂಗಳೊಳಗಿನ, ಎರಡು ಕೆಜಿಗಿಂತ ಕಡಿಮೆ ತೂಕದ ಮರಿಯನ್ನು ದೀರ್ಘಕಾಲ ಉಪವಾಸ ಇಡುವಂತಿಲ್ಲ, ರಕ್ತದ ಸಕ್ಕರೆ ಕುಸಿಯುತ್ತದೆ. ತೂರಾಡುವುದು, ನಡುಗುವುದು, ಮಂಕಾಗಿ ಕುತ್ತಿಗೆ ವಾಲಿಸುವುದು ಅದರ ಲಕ್ಷಣ. ಜೇನು ಅಥವಾ ಗ್ಲೂಕೋಸ್ ನೀರನ್ನು ಒಸಡಿಗೆ ಸವರಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ.

ಕಾರಿನಲ್ಲಾದರೆ ಕ್ರೇಟ್‌ನಲ್ಲಿ, ಆಟೊದಲ್ಲಾದರೆ ಕ್ರೇಟ್ ಮತ್ತು ಹಾರ್ನೆಸ್ ಎರಡೂ. ಕೈಯಲ್ಲಿ ಹಿಡಿದು ಆಟೊದಲ್ಲಿ ಕೂರುವುದು ನಾಯಿಯನ್ನು ಕಳೆದುಕೊಳ್ಳುವ ಸುಲಭ ದಾರಿ. ರೆಸ್ಕ್ಯೂನಿಂದ ಅದು ಮಲಗುತ್ತಿದ್ದ ಬಟ್ಟೆಯ ತುಂಡನ್ನೂ, ತಿನ್ನುತ್ತಿದ್ದ ಆಹಾರ ಒಂದು ವಾರಕ್ಕಾಗುವಷ್ಟನ್ನೂ ಕೇಳಿ ತನ್ನಿ.

ಮನೆಗೆ ಬಂದ ಮೇಲೆ ಮೊದಲು ಶೌಚದ ಜಾಗ, ಆಮೇಲೆ ನೀರು, ಆಮೇಲೆ ಒಂದು ಕೋಣೆ. ಆರತಿ ಎತ್ತಲು, ಸೆಲ್ಫಿ ತೆಗೆಯಲು ನೆರೆಹೊರೆಯವರನ್ನು ಕರೆಯಬೇಡಿ. ಸ್ನಾನವೂ ಬೇಡ.

## ಹಂತ 9: ಮೊದಲ ಹದಿನಾಲ್ಕು ದಿನ

ಈ ಹದಿನಾಲ್ಕು ದಿನವೇ ಏಕೆಂದರೆ, ಕೇಂದ್ರದಲ್ಲಿ ಅಂಟಿದ ಸೋಂಕು ನಿಮ್ಮ ಮನೆಯಲ್ಲಿ ಹೊರಬರುವ ಅವಧಿ ಬಹುಮಟ್ಟಿಗೆ ಇದೇ. ಪಾರ್ವೊ ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ ಎರಡು ವಾರ ತೆಗೆದುಕೊಳ್ಳುತ್ತದೆ. ಡಿಸ್ಟೆಂಪರ್ (ಉಸಿರಾಟಕ್ಕೂ ನರಗಳಿಗೂ ತಗಲುವ ಇನ್ನೊಂದು ವೈರಸ್ ಕಾಯಿಲೆ) ಇನ್ನೂ ತಡವಾಗಿ ತಲೆ ಎತ್ತಬಹುದು. ನಾಯಿ ಕೊಟ್ಟಾಗ ಚೆನ್ನಾಗಿತ್ತು ಎಂಬುದೂ ನಿಜ, ಅಲ್ಲಿಂದಲೇ ಕಾಯಿಲೆ ಬಂತು ಎಂಬುದೂ ನಿಜ. ಜಗಳ ಆಮೇಲೆ ಆಡಿ, ಮೊದಲು ಆಸ್ಪತ್ರೆ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಎರಡನ್ನೂ ಬೇರೆ ಕೋಣೆಯಲ್ಲಿಡಿ, ಬಟ್ಟಲು ಬೇರೆ, ಹೊಸ ನಾಯಿಯನ್ನು ಮುಟ್ಟಿದ ಮೇಲೆ ಕೈತೊಳೆಯಿರಿ.

ಎರಡು ಅಥವಾ ಮೂರನೇ ದಿನ ವೈದ್ಯರಿಗೆ ತೋರಿಸಿ. ತೂಕ, ಮಲ ಪರೀಕ್ಷೆ, ರಕ್ತದ ಸಂಪೂರ್ಣ ಎಣಿಕೆ ಮಾಡಿಸಿ. ಪ್ಲೇಟ್‌ಲೆಟ್ ಕಡಿಮೆ ಬಂದರೆ ಉಣ್ಣೆ ಜ್ವರದ ಪರೀಕ್ಷೆ ಮಾಡಿಸಬೇಕು. ಎರ್ಲಿಕಿಯಾ (ಉಣ್ಣೆಯಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು) ಎಂದು ಖಚಿತವಾದರೆ ಡಾಕ್ಸಿಸೈಕ್ಲಿನ್ ಕೋರ್ಸ್ ಸಾಮಾನ್ಯವಾಗಿ 28 ದಿನ. ಐದನೇ ದಿನಕ್ಕೆ ನಾಯಿ ಚೆನ್ನಾಗಿ ತಿನ್ನತೊಡಗುತ್ತದೆ, ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ಎರಡು ತಿಂಗಳಿಗೆ ಮೂಗಿನಿಂದ ರಕ್ತ ಸುರಿಯುತ್ತದೆ. ಪೂರ್ತಿ ಕೋರ್ಸ್ ಮುಗಿಸಿ.

ಉಣ್ಣೆಯ ಮಾತ್ರೆಗಳಲ್ಲಿ ಹೆಚ್ಚಿನವು ಎಂಟು ವಾರ ಮತ್ತು ಸುಮಾರು ಎರಡು ಕೆಜಿ ದಾಟಿದ ನಾಯಿಗೆ ಮಾತ್ರ. ದೊಡ್ಡ ನಾಯಿಯ ಮಾತ್ರೆಯನ್ನು ತುಂಡು ಮಾಡಿ ಕೊಡುವುದು ಹಣ ಉಳಿಸುವ ಜನಪ್ರಿಯ ಉಪಾಯ, ಅಪಾಯವೂ ಹೌದು. ತುಂಡಿನಲ್ಲಿ ಔಷಧ ಸಮನಾಗಿ ಹಂಚಿರುತ್ತದೆಂಬ ಖಾತ್ರಿಯಿಲ್ಲ. ನಾಯಿಗೆ ಫಿಟ್ಸ್ ಬಂದ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಈ ಲಕ್ಷಣಗಳಿಗೆ ಬೆಳಗಾಗುವವರೆಗೆ ಕಾಯಬೇಡಿ:

- ಎರಡಕ್ಕಿಂತ ಹೆಚ್ಚು ಬಾರಿ ವಾಂತಿ, ಜೊತೆಗೆ ಕೆಟ್ಟ ನಾತದ ಅಥವಾ ರಕ್ತ ಬೆರೆತ ಭೇದಿ. ಮೊಸರನ್ನ, ಓಆರ್‌ಎಸ್ ಎಂದು ಒಂದು ದಿನ ಕಳೆದರೆ ಪಾರ್ವೊದಲ್ಲಿ ಅದೇ ಜೀವಕ್ಕೆ ಕುತ್ತು.
- ಗುದದ್ವಾರದ ತಾಪಮಾನ 103.5 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಅಥವಾ 100ಕ್ಕಿಂತ ಕೆಳಗಿಳಿಯುವುದು. ಸಹಜ ತಾಪಮಾನ 101ರಿಂದ 102.5. ಜ್ವರಕ್ಕೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ಎರಡೂ ನಾಯಿಗೆ ವಿಷವಾಗಬಲ್ಲವು.
- ಒಸಡು ಬೆಳ್ಳಗಾಗುವುದು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ, ಮೂಗಿನಿಂದ ರಕ್ತ.
- ಕಣ್ಣು-ಮೂಗಿನಿಂದ ಗಟ್ಟಿ ಸಿಂಬಳ, ಆಮೇಲೆ ದವಡೆ ಅಥವಾ ಕಾಲು ಅದುರುವುದು.
- ಕಣ್ಣುಗುಡ್ಡೆ ಹೊರಬರುವುದು. ಪಗ್, ಶಿಟ್ಜುವನ್ನು ಕತ್ತಿನ ತೊಗಲು ಹಿಡಿದು ಎತ್ತಿದರೂ ಆಗಬಹುದು. ಒಳಗೆ ತಳ್ಳಬೇಡಿ, ಶುದ್ಧ ಒದ್ದೆ ಬಟ್ಟೆ ಮುಚ್ಚಿ ಓಡಿ.

ಪಾರ್ವೊ ಖಚಿತವಾದ ನಾಯಿಯ ಜಾಗವನ್ನು 30 ಪಾಲು ನೀರಿಗೆ 1 ಪಾಲು ಬ್ಲೀಚ್ ದ್ರಾವಣ ಬೆರೆಸಿ, ಮೊದಲು ಕೊಳೆ ತೆಗೆದು, ಹತ್ತು ನಿಮಿಷ ನೆನೆಯಲು ಬಿಟ್ಟು ತೊಳೆಯಿರಿ. ಬ್ಲೀಚ್‌ಗೆ ಬೇರೆ ಕ್ಲೀನರ್ ಬೆರೆಸಬೇಡಿ.

ಊಟ. ಎರಡು-ಮೂರು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಐದು ಕೆಜಿಯ ಬೆಳೆದ ನಾಯಿಗೆ ಒಣ ಆಹಾರ ದಿನಕ್ಕೆ ಸುಮಾರು 90–100 ಗ್ರಾಂ, ಎಲ್ಲ ಸಲದ್ದೂ ಸೇರಿ. ಚೀಲದ ಹಿಂದಿನ ಪಟ್ಟಿಯೊಂದಿಗೆ ತಾಳೆ ನೋಡಿ, ಕೈ ಅಂದಾಜು ಬೇಡ, ತಕ್ಕಡಿ ಇಟ್ಟುಕೊಳ್ಳಿ. ಆಹಾರ ಬದಲಿಸುವುದಾದರೆ ಮೊದಲ ವಾರದ ನಂತರ, ಕಾಲು ಪಾಲು ಹೊಸದು, ಅರ್ಧ, ಮುಕ್ಕಾಲು ಎಂದು ಏಳು ದಿನದಲ್ಲಿ. ಮೊದಲೆರಡು ದಿನ ಬೆಳೆದ ನಾಯಿ ಸರಿಯಾಗಿ ತಿನ್ನದಿರುವುದು ಭಯದಿಂದ. ಗಾಬರಿಯಾಗಿ ಚಿಕನ್, ಬಿಸ್ಕತ್ತು, ತುಪ್ಪ ಹಾಕಿ ಆಮೇಲೆ ಭೇದಿಗೆ ಔಷಧ ಹುಡುಕುವವರೇ ಹೆಚ್ಚು.

## ಹಂತ 10: ಶೌಚ ಮತ್ತು ಒಂಟಿತನದ ಅಭ್ಯಾಸ

ಕೆನೆಲ್‌ನಲ್ಲಿದ್ದ ನಾಯಿಗೆ ಸಿಮೆಂಟ್ ನೆಲವೇ ಶೌಚಾಲಯ. ಆದ್ದರಿಂದ ನಿಮ್ಮ ಹಜಾರದ ಟೈಲ್ಸ್ ಅದಕ್ಕೆ ಸಹಜವಾಗಿ ಕಾಣುತ್ತದೆ. ಪಂಜರದಲ್ಲೇ ಇರಿಸಿ ಮರಿ ಹಾಕಿಸಿದ ಹೆಣ್ಣು ಮಲಗುವಲ್ಲೇ ಮಾಡಿ ರೂಢಿಯಾಗಿರುತ್ತದೆ, ಅದಕ್ಕೆ ತಿಂಗಳುಗಳೇ ಬೇಕು. ಎದ್ದ ಕೂಡಲೇ, ಊಟವಾದ 15–20 ನಿಮಿಷಕ್ಕೆ, ಆಟವಾದ ಮೇಲೆ, ನಡುವೆ ಎರಡು ಗಂಟೆಗೊಮ್ಮೆ ಒಂದೇ ಜಾಗಕ್ಕೆ ಒಯ್ಯಿರಿ. ಅಲ್ಲಿ ಮಾಡಿದ ಎರಡು ಸೆಕೆಂಡಿನೊಳಗೆ ಕಾಳಿನಷ್ಟು ತಿಂಡಿ ಕೊಡಿ. ಮರಿ ತಡೆದುಕೊಳ್ಳುವ ಹೊತ್ತು ಹೆಚ್ಚೆಂದರೆ ಅದರ ವಯಸ್ಸಿನ ತಿಂಗಳಿಗೆ ಒಂದು ಗಂಟೆ ಸೇರಿಸಿದಷ್ಟು. ಮೂಗನ್ನು ಮೂತ್ರಕ್ಕೆ ಉಜ್ಜಿದರೆ ಕಲಿಯುವುದು ಒಂದೇ, ಸೋಫಾದ ಹಿಂದೆ ಹೋಗಿ ಮಾಡುವುದು. ಕಲೆಯನ್ನು ಅಮೋನಿಯಾ ಇರುವ ಕ್ಲೀನರ್‌ನಿಂದ ಒರೆಸಬೇಡಿ, ಅದು ಮೂತ್ರದ ವಾಸನೆಗೆ ಹತ್ತಿರ. ಎನ್‌ಜೈಮ್ ಕ್ಲೀನರ್ ಅಥವಾ ಸಮ ಪಾಲು ವಿನೆಗರ್-ನೀರು ಸಾಕು.

ಐಟಿ ಮನೆಗಳಲ್ಲಿ ಕಾಣುವ ತಪ್ಪು ಬೇರೆ. ಎರಡು ವಾರ ರಜೆ ಹಾಕಿ ನಾಯಿಯನ್ನು ತೊಡೆಯಿಂದ ಇಳಿಸುವುದಿಲ್ಲ, ಹದಿನೈದನೇ ದಿನ ಒಂಬತ್ತು ಗಂಟೆ ಬಾಗಿಲು ಹಾಕಿ ಹೋಗುತ್ತಾರೆ. ಅದು ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ, ಪಕ್ಕದ ಮನೆಯವರು ದೂರುತ್ತಾರೆ, ನಾಯಿ ವಾಪಸ್ ಹೋಗುತ್ತದೆ. ಮೂರನೇ ದಿನದಿಂದಲೇ ಅಭ್ಯಾಸ ಶುರುವಾಗಲಿ: ಬಾಗಿಲಾಚೆ 30 ಸೆಕೆಂಡು, ಎರಡು ನಿಮಿಷ, ಐದು, ಹದಿನೈದು. ಹೋಗುವಾಗ ಮುದ್ದಿಲ್ಲ, ಬಂದಾಗ ಸಂಭ್ರಮವಿಲ್ಲ. ಅಳು ಶುರುವಾದರೆ ಹಿಂದಿನ ಹಂತಕ್ಕೆ ಇಳಿಯಿರಿ.

ಮಕ್ಕಳಿರುವ ಮನೆಗೆ ಒಂದೇ ಕಟ್ಟಳೆ: ನಾಯಿ ಬೇಕಾದರೆ ನೆಲದಲ್ಲಿ ಕುಳಿತುಕೊಳ್ಳಿ. ನಿಂತು ಎತ್ತಿದ ಮಗುವಿನ ಕೈಯಿಂದ ಜಾರಿದರೆ ಸಣ್ಣ ನಾಯಿಯ ಮುಂಗಾಲು ಮುರಿಯಲು ಅಷ್ಟು ಎತ್ತರ ಸಾಕು.

## ಹಂತ 11: ಮೂರನೇ ತಿಂಗಳವರೆಗೆ

ರಸ್ತೆಗೆ ಇಳಿಸುವುದು ಕೊನೆಯ ಬಹುರೋಗ ಲಸಿಕೆಯಾಗಿ ಎರಡು ವಾರ ಕಳೆದ ಮೇಲೆ. ಅಲ್ಲಿಯವರೆಗೆ ಎತ್ತಿಕೊಂಡು ಬಸ್ಸು, ಸ್ಕೂಟರ್, ಛತ್ರಿ ತೋರಿಸಿ. ಬೇಸಿಗೆಯಲ್ಲಿ ಬೆಳಿಗ್ಗೆ 8ರೊಳಗೆ, ಸಂಜೆ ಆರೂವರೆಯ ನಂತರ. ಅಂಗೈ ಹಿಂಬದಿಯನ್ನು ಡಾಂಬರಿನ ಮೇಲೆ ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಬೀದಿಯ ನಾಯಿಗಳಿಗೆ ಊಟ ಹಾಕುವವರು ನಿಮ್ಮ ಓಣಿಯಲ್ಲಿದ್ದರೆ ಪರಿಚಯ ಮಾಡಿಕೊಳ್ಳಿ. ಯಾವ ತಿರುವಿನಲ್ಲಿ ಯಾವ ಗುಂಪು, ಯಾವ ಹೊತ್ತಿನಲ್ಲಿ ಶಾಂತ ಎಂಬುದು ಅವರಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಸಂತಾನಹರಣ ಆಗಿರದಿದ್ದರೆ ಸಣ್ಣ ತಳಿಗೆ ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ ದಿನ ಗೊತ್ತು ಮಾಡುತ್ತಾರೆ. ಉಣ್ಣೆ ಜ್ವರವಿದ್ದು ಪ್ಲೇಟ್‌ಲೆಟ್ ಇಳಿದಿದ್ದರೆ ಮುಂದೂಡಿ. ಪಗ್‌ಗಳ ಅರಿವಳಿಕೆಯಲ್ಲಿ ಉಸಿರಿನ ಅಪಾಯ ಹೆಚ್ಚು, ಎಚ್ಚರವಾಗುವವರೆಗೆ ಉಸಿರಾಟದ ಕೊಳವೆ ಇಟ್ಟು ನೋಡಿಕೊಳ್ಳುವ ಸೌಲಭ್ಯವಿರುವಲ್ಲಿಯೇ ಮಾಡಿಸಿ. ಸಂತಾನಹರಣವಾಗದ ಹೆಣ್ಣಿನಲ್ಲಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಅತಿಯಾಗಿ ನೀರು ಕುಡಿಯುವುದು, ಮಂಕು, ಯೋನಿಯಿಂದ ಕೀವು ಕಂಡರೆ ಗರ್ಭಕೋಶದ ಸೋಂಕು, ಅದು ತುರ್ತು.

ರೇಬಿಸ್ ಪ್ರಮಾಣಪತ್ರ ಸಿಕ್ಕ ಮೇಲೆ ನಿಮ್ಮ ಪಾಲಿಕೆಯಲ್ಲಿ ಸಾಕುನಾಯಿ ಪರವಾನಗಿಗೆ ಅರ್ಜಿ ಹಾಕಿ, ವರ್ಷವರ್ಷ ನವೀಕರಿಸಿ. ನೆರೆಯವರ ದೂರು ಬಂದಾಗ ಮೊದಲು ಕೇಳುವುದು ಈ ಎರಡು ಕಾಗದ.

ಮೂರು ದಿನ ಹೆದರಿಕೆ, ಮೂರು ವಾರ ಮನೆಯ ಕ್ರಮ ಕಲಿಯುವುದು, ಮೂರು ತಿಂಗಳಿಗೆ ತನ್ನದೆನ್ನುವುದು ಎಂದು ರೆಸ್ಕ್ಯೂನವರು ಲೆಕ್ಕ ಹೇಳುತ್ತಾರೆ. ಮೂರನೇ ವಾರದಲ್ಲೇ ಹಲವು ನಾಯಿಗಳು ಮೊದಲ ಬಾರಿ ಗುರುಗುಟ್ಟುವುದು, ಬೊಗಳುವುದು ಶುರುಮಾಡುತ್ತವೆ. ಅಲ್ಲಿಯವರೆಗೆ ಅಂಜಿಕೆಯಲ್ಲಿ ಅದುಮಿಟ್ಟಿದ್ದು ಹೊರಬರುತ್ತಿದೆ, ಅಷ್ಟೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಏನು ಮಾಡುತ್ತಿದ್ದಾಗ ಗುರುಗುಟ್ಟಿತು ಎಂದು ಬರೆದಿಟ್ಟುಕೊಂಡು ಸಂಸ್ಥೆಯವರಿಗೆ ಅಥವಾ ತರಬೇತುದಾರರಿಗೆ ತೋರಿಸಿ.

ಎಲ್ಲ ಮಾಡಿಯೂ ಹೊಂದದಿದ್ದರೆ ಕರಾರಿನ ಷರತ್ತಿನಂತೆ ಕೊಟ್ಟವರಿಗೇ ವಾಪಸ್ ಒಪ್ಪಿಸಿ. ಊರಿನ ತೋಟದ ಮನೆಗೆ ಕಳಿಸುವುದು, ಕಚೇರಿಯ ಗೆಳೆಯನಿಗೆ ಕೊಡುವುದು ಕರಾರು ಮುರಿದಂತೆ. ನಾಯಿಯ ಜೊತೆ ಲಸಿಕೆ ಕಾರ್ಡ್, ರಕ್ತ ಪರೀಕ್ಷೆಯ ವರದಿ, ತಿನ್ನುತ್ತಿರುವ ಆಹಾರ, ಮತ್ತು ಯಾವುದಕ್ಕೆ ಹೆದರುತ್ತದೆ, ಯಾವುದಕ್ಕೆ ಕಚ್ಚಲು ಬರುತ್ತದೆ ಎಂಬುದರ ಪ್ರಾಮಾಣಿಕ ಪಟ್ಟಿ ಕೊಡಿ. ಕಚ್ಚಿದ್ದನ್ನು ಮುಚ್ಚಿಟ್ಟರೆ ಮುಂದಿನ ಮನೆಯ ಮಗುವಿಗೆ ಕಚ್ಚುತ್ತದೆ.